ಐದನೇ ಸ್ಥಾನದ ಹುಡುಗಿ

‘ಚಿಕ್ಕಮ್ಮ, ನನ್ನ ಸೋಲಿಸಿದ್ಲಲ್ಲ ಆ ಹುಡುಗಿ, ಅವಳು ಈಗ ಗೆಲ್ಲಲಿ ಅಂತ ದೇವರ ಹತ್ರ ಬೇಡ್ಕೊಂಡ್ರೆ ತಪ್ಪಾ?’

ಅದು 2024ರ ಬೇಸಿಗೆ ರಜೆ. ಬೆಂಗಳೂರಿನ ಒಂದು ಶಾಲೆಯಲ್ಲಿ 11 ವರ್ಷದೊಳಗಿನ ಹುಡುಗಿಯರ ರಾಜ್ಯಮಟ್ಟದ ಚೆಸ್ ಟೂರ್ನಿ ನಡೆಯುತ್ತಿತ್ತು. ಅಕ್ಕನ ಮಗಳು ಕೊನೆಯ ಸುತ್ತು ಗೆದ್ದು ಹೊರಗೆ ಬಂದಿದ್ದಳು. ನೀರು ಕುಡಿಯಲಿಲ್ಲ, ಅವಳಮ್ಮ ಹಿಡಿದಿದ್ದ ಚಕ್ಕುಲಿ ಡಬ್ಬಿ ನೋಡಲಿಲ್ಲ. ಬಂದವಳೇ ಕೇಳಿದ ಮಾತು ಇದು. ಕಿಟಕಿಯ ಸರಳು ಹಿಡಿದು ಒಳಗಿನ ಎರಡನೇ ಬೋರ್ಡ್ ಕಡೆ ಇಣುಕುತ್ತಿದ್ದಳು. ಅಲ್ಲಿ, ಮೊದಲ ಸುತ್ತಿನಲ್ಲಿ ಇವಳನ್ನು ಸೋಲಿಸಿದ್ದ ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಅವಳ ಆನೆ ಹೋಗಿತ್ತು.

ಸೋಲಿಸಿದವಳ ಗೆಲುವಿಗೆ ಇವಳು ಯಾಕೆ ಹರಕೆ ಹೊರಬೇಕು ಅಂತ ಅಕ್ಕನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಆಗಿಂದ ಈ ಲೇಖನ ನನ್ನ ತಲೆಯಲ್ಲಿ ಕೂತಿದೆ.

ನಮ್ಮೂರು ಅರಸೀಕೆರೆ. ಅಕ್ಕನನ್ನು ಕೊಟ್ಟಿರುವುದು ಹಳೇಬೀಡಿನ ಹತ್ತಿರದ ಒಂದು ಹಳ್ಳಿಗೆ. ಭಾವ ಆಲೂಗಡ್ಡೆ, ಶುಂಠಿ, ಜೋಳ ಬೆಳೀತಾರೆ. ನಮ್ಮ ಕಡೆ ಆಟ ಅಂದರೆ ಕ್ರಿಕೆಟ್ಟೇ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸು ಜಾವಗಲ್ ಮೇಲೆ ಹೋಗುತ್ತದೆ. ಆ ಊರ ಹೆಸರು ಹೊತ್ತ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಬಸ್ಸು ಅಲ್ಲಿ ನಿಂತಾಗಲೆಲ್ಲ ಯಾರಾದರೂ ಒಬ್ಬರು ಅವರ ಬೌಲಿಂಗ್ ನೆನೆಸಿಕೊಳ್ಳದೆ ಇರುವುದಿಲ್ಲ. ಅಂಥ ಕಡೆ ಇವಳಿಗೆ ಚೆಸ್ ಹತ್ತಿದ್ದು ನಮ್ಮಪ್ಪನಿಂದ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹರಾಜು ಮುಗಿದ ಮೇಲೆ ಮೂಟೆಗಳ ಮೇಲೆ ಹಲಗೆ ಇಟ್ಟು ಚದುರಂಗ ಆಡುತ್ತಿದ್ದರಂತೆ. ಅವರದು ಹಳೇ ನಮ್ಮೂರ ಆಟ. ಅದರಲ್ಲಿ ಕಾಲಾಳು ಮೊದಲ ಹೆಜ್ಜೆಗೂ ಒಂದೇ ಮನೆ ನಡೆಯಬೇಕು. ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಾಲಾಳು ಆ ತುದಿ ಮುಟ್ಟಿದರೆ ಮಂತ್ರಿಯೇ ಆಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ, ಮುಟ್ಟಿದ್ದು ಯಾರ ಮನೆಯೋ ಆ ಕಾಯಿ ಆಗಬೇಕು. ರಜೆಗೆ ಬಂದ ಮೊಮ್ಮಗಳಿಗೆ ಅವರು ಹೇಳಿಕೊಟ್ಟಿದ್ದೂ ಇದನ್ನೇ. ಬೇಲೂರಿನಲ್ಲಿ ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದ ಮೇಷ್ಟ್ರ ಹತ್ತಿರ ಮೊದಲ ದಿನ ಹೋದಾಗ ಇವಳು ರಾಜನನ್ನು ಹಾರಿಸಿಬಿಟ್ಟಳು. ಮೇಷ್ಟ್ರು ನಕ್ಕು, ‘ಇದು ನಿಮ್ಮ ತಾತನ ಕಾಲದ್ದು ಕಣವ್ವ’ ಅಂದರಂತೆ. ಇವಳು, ‘ತಾತನೇ ಹೇಳ್ಕೊಟ್ಟಿದ್ದು’ ಅಂದಳಂತೆ.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರು. ಎರಡು ವರ್ಷ ಪ್ರತಿ ಭಾನುವಾರ ಭಾವ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಂದರು. ಮಿಕ್ಕ ದಿನ ಅಕ್ಕನ ಫೋನಿನಲ್ಲಿ ಪಜಲ್ ಬಿಡಿಸುವುದು. ಡೇಟಾ ಮುಗಿದ ದಿನ ಮೇಷ್ಟ್ರು ಕೊಟ್ಟಿದ್ದ ಒಂದು ಲೆಕ್ಕ: ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಡುತ್ತಾ ಸುತ್ತಿಸುವುದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಹಳ ಪ್ರಿಯವಾಗಿದ್ದ ಆಟ ಅದು. ಇಂಥ ಸುತ್ತುಗಳನ್ನು ಅವರೇ ರಚಿಸಿದ್ದರು. ಮೈಸೂರು ಅರಸರು ಅರಮನೆಯಲ್ಲಿ ಕೂತು ಮಾಡಿದ್ದನ್ನು ನಮ್ಮ ಹುಡುಗಿ ಅಕ್ಕಿ ಮರದ ಹಿಂದೆ ಸೀಮೆಸುಣ್ಣದಲ್ಲಿ ಮಾಡುತ್ತಿದ್ದಳು.

ಇಷ್ಟರಲ್ಲಿ ನನ್ನ ಕತೆಯನ್ನೂ ಒಂಚೂರು ಹೇಳಬೇಕು. ಇಲ್ಲದಿದ್ದರೆ ಆ ಬೇಸಿಗೆಯಲ್ಲಿ ನಾನು ಯಾಕೆ ಹಾಗೆ ಆಡಿದೆ ಅಂತ ತಿಳಿಯುವುದಿಲ್ಲ.

ಎಂಟನೇ ಕ್ಲಾಸಿನಲ್ಲಿ ನಾನೂ ಆಡುತ್ತಿದ್ದೆ. ಶಾಲೆಗಳ ಕ್ರೀಡಾಕೂಟದಲ್ಲಿ ಆಟಗಾರರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತಾರೆ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರಮಟ್ಟದ ಶಾಲಾ ಕೂಟ. ಅರಸೀಕೆರೆಯಲ್ಲಿ ಗೆದ್ದೆ, ಹಾಸನದಲ್ಲಿ ಗೆದ್ದೆ. ಮೈಸೂರು ವಿಭಾಗಕ್ಕೆ ಆಯ್ಕೆಯಾಯಿತು. ಹುಡುಗಿಯರನ್ನು ಕರೆದುಕೊಂಡು ಹೋಗಲು ಶಾಲೆಯಲ್ಲಿ ಮೇಡಂ ಯಾರೂ ಸಿಗಲಿಲ್ಲ. ಅಪ್ಪನಿಗೆ ಮಂಡಿಯಲ್ಲಿ ಸೀಸನ್ನು. ‘ಮುಂದಿನ ವರ್ಷ ಹೋದ್ರಾಯ್ತು ಬಿಡು ಮಗಾ’ ಅಂದರು. ಮುಂದಿನ ವರ್ಷ ಒಂಬತ್ತನೇ ಕ್ಲಾಸು, ಆಮೇಲೆ ಎಸ್ಸೆಸ್ಸೆಲ್ಸಿ, ಟ್ಯೂಷನ್ನು, ಸಿಇಟಿ. ನಾನೀಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಕೆಲಸ ಚೆನ್ನಾಗಿದೆ, ದೂರಿಲ್ಲ. ಆದರೆ ಆವತ್ತು ಮೈಸೂರಿಗೆ ಹೋಗುವ ಬೆಳಗಿನ ರೈಲು ಕೂಗಿದ್ದು ಮನೆಯ ತನಕ ಕೇಳಿಸಿತ್ತು. ಅದು ಇನ್ನೂ ನೆನಪಿದೆ.

ಈಗ ಆಯ್ಕೆಯ ವಿಷಯಕ್ಕೆ ಬರ್ತೀನಿ. ಮಕ್ಕಳನ್ನು ಚೆಸ್ಸಿಗೆ ಹಾಕಿರುವ ಎಷ್ಟೋ ಅಪ್ಪ ಅಮ್ಮಂದಿರಿಗೇ ಇದು ಪೂರ್ತಿ ಗೊತ್ತಿರುವುದಿಲ್ಲ.

ಶಾಲಾ ಕೂಟದ ದಾರಿಯ ಪಕ್ಕದಲ್ಲೇ ಚೆಸ್ ಸಂಸ್ಥೆಗಳ ದಾರಿ ಇದೆ. ವಯಸ್ಸಿನ ಪ್ರಕಾರ ರಾಜ್ಯ ಟೂರ್ನಿ, ಅಲ್ಲಿ ಮೇಲಿನ ಸ್ಥಾನ ಪಡೆದವರು ರಾಷ್ಟ್ರೀಯ ಟೂರ್ನಿಗೆ. ಅಲ್ಲಿ ಮೇಲೆ ಬಂದವರಿಗೆ ಏಷ್ಯಾ ಮಟ್ಟದ, ವಿಶ್ವ ಮಟ್ಟದ ಯುವ ಟೂರ್ನಿಗಳಲ್ಲಿ ದೇಶದ ಪರ ಆಡುವ ಅವಕಾಶ. ನಮ್ಮ ರಾಷ್ಟ್ರೀಯ ವಿಭಾಗಗಳು 7, 9, 11, 13 ಹೀಗೆ ಬೆಸ ಸಂಖ್ಯೆಯಲ್ಲಿರುತ್ತವೆ. ವಿಶ್ವ ಟೂರ್ನಿಗಳದ್ದು 8, 10, 12, 14 ಹೀಗೆ ಸರಿಸಂಖ್ಯೆ. ಈ ವರ್ಷ ಇಲ್ಲಿ 11ರ ಒಳಗೆ ಗೆದ್ದ ಮಗು ಮುಂದಿನ ವರ್ಷ ಅಲ್ಲಿ 12ರ ಒಳಗೆ ಆಡಲಿ ಅಂತ. ವಿಶ್ವ ಯುವ ಟೂರ್ನಿಯಲ್ಲಿ ಪ್ರತಿ ವಿಭಾಗಕ್ಕೆ ಒಂದು ದೇಶದಿಂದ ಒಬ್ಬ ಅಧಿಕೃತ ಆಟಗಾರನ ಊಟ ವಸತಿಯನ್ನು ಆಯೋಜಕರು ನೋಡಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಮಕ್ಕಳು ಹೋದರೆ ಅವರ ಖರ್ಚು ಅವರದು. ದೊಡ್ಡವರ ಒಲಿಂಪಿಯಾಡ್ ತಂಡದ ಆಯ್ಕೆಯೇ ಬೇರೆ. ಅಲ್ಲಿ ಮುಖ್ಯವಾಗಿ ನೋಡುವುದು ರೇಟಿಂಗು.

ಆ ರೇಟಿಂಗ್ ಅನ್ನೋದು ಹಳೇಬೀಡಿನ ಹುಡುಗಿಗೆ ಹೇಗೆ ಅಡ್ಡ ಬರುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದು ಆ ಬೇಸಿಗೆಯಲ್ಲೇ.

ಇಂಥ ಟೂರ್ನಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. ಯಾರೂ ಸೋತು ಮನೆಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸುಮಾರು ಸಮ ಪಾಯಿಂಟ್ ಇದ್ದವರು ಎದುರಾಗುತ್ತಾರೆ. ಆದರೆ ಮೊದಲ ಸುತ್ತಿಗೆ ಪಾಯಿಂಟೇ ಇಲ್ಲವಲ್ಲ. ಆಗ ರೇಟಿಂಗ್ ಪ್ರಕಾರ ಪಟ್ಟಿ ಮಾಡಿ, ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರನ್ನು ಜೋಡಿಸುತ್ತಾರೆ. ರೇಟಿಂಗ್ ಇಲ್ಲದವರು ಪಟ್ಟಿಯ ಬುಡದಲ್ಲಿ. ಹಾಗಾಗಿ ಇವಳಿಗೆ ಮೊದಲ ಆಟಕ್ಕೇ ಸಿಕ್ಕಿದ್ದು, ಆರನೇ ವಯಸ್ಸಿನಿಂದ ಕೋಚ್ ಇಟ್ಟುಕೊಂಡು ಆಡುತ್ತಿದ್ದ ಬೆಂಗಳೂರಿನ ಹುಡುಗಿ. ಸೋತಳು. ಆಮೇಲಿನ ಏಳು ಸುತ್ತಿನಲ್ಲಿ ಐದು ಗೆಲುವು, ಎರಡು ಡ್ರಾ. ಒಟ್ಟು 8ಕ್ಕೆ 6 ಪಾಯಿಂಟ್. ಆ ಟೂರ್ನಿಯಿಂದ ಆರಿಸಬೇಕಿದ್ದದ್ದು ನಾಲ್ವರನ್ನು. ನಾಲ್ಕನೇ ಸ್ಥಾನಕ್ಕೆ 6 ಪಾಯಿಂಟಿನಲ್ಲಿ ಇಬ್ಬರು ನಿಂತರು. ಒಬ್ಬಳು ಇವಳು.

ಸಮ ಆದಾಗ ನೋಡುವುದು ಬುಕೋಲ್ಜ್ ಅನ್ನೋ ಲೆಕ್ಕ. ನೀವು ಆಡಿದ ಎದುರಾಳಿಗಳೆಲ್ಲ ಒಟ್ಟು ಎಷ್ಟು ಪಾಯಿಂಟ್ ಗಳಿಸಿದರು ಅಂತ ಕೂಡಿಸುವುದು. ಗಟ್ಟಿಯವರ ಜೊತೆ ಆಡಿದವರಿಗೆ ಮರ್ಯಾದೆ ಸಿಗಲಿ ಅನ್ನುವ ನ್ಯಾಯ ಅದು, ತಪ್ಪೇನಿಲ್ಲ. ಆದರೆ ಮೊದಲ ಸುತ್ತಲ್ಲೇ ಸೋತವರು ಎರಡು ಮೂರು ಸುತ್ತು ಕೆಳಗಿನ ಬೋರ್ಡುಗಳಲ್ಲಿ, ತಮ್ಮ ಹಾಗೇ ಸೋತವರ ಜೊತೆ ಆಡಿಕೊಂಡು ಮೇಲೆ ಹತ್ತಬೇಕು. ಅವರ ಎದುರಾಳಿಗಳ ಮೊತ್ತ ಸಹಜವಾಗಿ ಕಡಿಮೆ ಆಗುತ್ತದೆ. ನಮ್ಮ ಹುಡುಗಿ ಕಿಟಕಿಯಲ್ಲಿ ನಿಂತು ಹರಕೆ ಹೊತ್ತದ್ದು ಇದಕ್ಕೇ. ಆ ಬೆಂಗಳೂರಿನ ಹುಡುಗಿ ಕೊನೆಯ ಆಟ ಗೆದ್ದಿದ್ದರೆ ಇವಳ ಲೆಕ್ಕಕ್ಕೂ ಒಂದು ಪಾಯಿಂಟ್ ಬರುತ್ತಿತ್ತು.

ಅವಳು ಗೆಲ್ಲಲಿಲ್ಲ. ಒಂದೇ ಪಾಯಿಂಟಿನ ಬುಕೋಲ್ಜ್ ಕಡಿಮೆಯಾಗಿ ಇವಳು ಐದನೆಯವಳಾದಳು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಅಡ್ಡಕ್ಕೆ ಎಳೆಯುತ್ತಾ ಹೋಗಿ, ಕೊನೆಯ ಅಂಕಣದಲ್ಲಿ ನಿಲ್ಲಿಸಿದಳು. ಅಳಲಿಲ್ಲ. ಅತ್ತಿದ್ದು ನಾನು, ಅದೂ ಬಾತ್‌ರೂಮಿಗೆ ಹೋಗಿ.

ಊರಿಗೆ ಹೋದ ಮೇಲೆ ನಿಜವಾದ ಗಲಾಟೆ ಶುರುವಾಯಿತು. ಆಯ್ಕೆಯಾಗದಿದ್ದರೂ ಹೆಚ್ಚಿನ ಶುಲ್ಕ ಕಟ್ಟಿ ರಾಷ್ಟ್ರೀಯ ಟೂರ್ನಿಯಲ್ಲಿ ಆಡಬಹುದು ಅಂತ ಟೂರ್ನಿಯಲ್ಲಿ ಸಿಕ್ಕ ಒಬ್ಬ ತಾಯಿ ಅಕ್ಕನ ಕಿವಿಗೆ ಹಾಕಿದ್ದರು. ಭಾವ ಫೋನಿನ ಕ್ಯಾಲ್ಕುಲೇಟರ್ ತೆಗೆದರು. ಶುಲ್ಕ, ಇಬ್ಬರ ರೈಲು, ಒಂದು ವಾರದ ಲಾಡ್ಜು, ಊಟ. ನಲವತ್ತು ಸಾವಿರದ ಹತ್ತಿರ ಬಂತು.

‘ನೋಡಮ್ಮ, ಶುಂಠಿ ರೇಟು ಹೆಂಗಿದೆ ಅಂತ ನಿನಗೇ ಗೊತ್ತು’ ಅಂದರು ಭಾವ ನನಗೆ. ಅಕ್ಕ, ‘ನಾಲ್ಕನೇ ಹುಡುಗಿಗೂ ಇವಳಿಗೂ ಒಂದೇ ಪಾಯಿಂಟು ಕಣ್ರೀ’ ಅಂತ ಹತ್ತನೇ ಸಲ ಹೇಳಿದಳು.

‘ದುಡ್ಡು ನಾನು ಕೊಡ್ತೀನಿ’ ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಅದು ನನ್ನ ಎಂಟನೇ ಕ್ಲಾಸು ಹೇಳಿದ ಮಾತು. ಭಾವನ ಮುಖ ಸಣ್ಣದಾಯಿತು. ಮಗಳನ್ನು ಎರಡು ವರ್ಷ ಮಳೆ ಬಿಸಿಲಲ್ಲಿ ಬೇಲೂರಿಗೆ ಕರೆದುಕೊಂಡು ಹೋದ ಮನುಷ್ಯ. ಅವರ ಮುಂದೆ ನಾನು ಸಂಬಳದ ಜೋರು ತೋರಿಸಿದ ಹಾಗಾಯಿತು. ಆ ರಾತ್ರಿ ಊಟ ಯಾರಿಗೂ ಸೇರಲಿಲ್ಲ.

ಮಾತು ತಿರುಗಿಸಿದ್ದು ಅಪ್ಪ. ಅಲ್ಲೇ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದವರು, ‘ಅಲ್ಲ, ಎಲ್ರೂ ಎಲ್ರನ್ನೂ ಕೇಳ್ತಿದ್ದೀರಿ. ಆಡೋಳನ್ನ ಯಾರಾದ್ರೂ ಕೇಳಿದ್ರಾ?’ ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ‘ಆವತ್ತು ನಿನ್ನನ್ನೂ ನಾನು ಕೇಳಲಿಲ್ಲ’ ಅಂದರು. ಇಷ್ಟು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ಅದೇ ಮೊದಲು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಹುಡುಗಿಯನ್ನು ಕರೆದರು. ಅವಳು ಸ್ವಲ್ಪ ಹೊತ್ತು ಕಾಲುಬೆರಳು ನೋಡಿಕೊಂಡು ನಿಂತಿದ್ದು, ‘ಅಲ್ಲಿಗೆ ಹೋದ್ರೂ ನನಗೆ ರೇಟಿಂಗ್ ಇಲ್ವಲ್ಲ ತಾತ. ಮತ್ತೆ ಮೊದಲ್ನೇ ಆಟ ದೊಡ್ಡೋರ ಜೊತೆನೇ. ಮೊದ್ಲು ರೇಟಿಂಗ್ ಮಾಡ್ಕೋತೀನಿ’ ಅಂದಳು.

ನಾವು ನಾಲ್ಕು ಜನ ದೊಡ್ಡವರು ಎರಡು ದಿನ ಜಗಳ ಆಡಿದ್ದಕ್ಕೆ ಹತ್ತು ವರ್ಷದವಳು ಒಂದು ಮಾತಿನಲ್ಲಿ ಉತ್ತರ ಕೊಟ್ಟಳು.

ಲೆಕ್ಕ ಹಾಕಿ ನೋಡಿದರೆ ಅವಳದ್ದೇ ಸರಿ. ಅಂತರರಾಷ್ಟ್ರೀಯ ರೇಟಿಂಗ್ ಪಟ್ಟಿಗೆ ಸೇರಲು ರೇಟಿಂಗ್ ಇರುವವರ ಜೊತೆ ಕನಿಷ್ಠ 5 ಆಟ ಆಡಿ, ಫಲಿತಾಂಶ ಒಂದು ಮಟ್ಟಕ್ಕಿಂತ ಮೇಲಿರಬೇಕು. 2024ರ ಮಾರ್ಚ್ 1ರಿಂದ ಆ ಕನಿಷ್ಠ ಮಟ್ಟವನ್ನು 1000ದಿಂದ 1400ಕ್ಕೆ ಏರಿಸಿದ್ದರು. ಒಮ್ಮೆ ಪಟ್ಟಿ ಸೇರಿದರೆ ಮಕ್ಕಳ ರೇಟಿಂಗ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಪ್ರತಿ ಆಟದ ತೂಕ ದೊಡ್ಡವರದ್ದಕ್ಕಿಂತ ಜಾಸ್ತಿ. ಕಷ್ಟ ಇರುವುದು ಆಡಲು ಜಾಗ ಹುಡುಕುವುದರಲ್ಲಿ. ರೇಟಿಂಗ್ ಟೂರ್ನಿಗಳು ಹೆಚ್ಚಾಗಿ ನಡೆಯುವುದು ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ. ಬೆಂಗಳೂರಿನ ಮಗು ಬೆಳಗ್ಗೆ ತಿಂಡಿ ತಿಂದು ಆಟೋ ಹತ್ತಿದರೆ ಸಾಕು. ನಮ್ಮ ಮಗು ಹಿಂದಿನ ದಿನವೇ ಹಳೇಬೀಡಿನಲ್ಲಿ ಬಸ್ಸು ಹತ್ತಿ, ಅರಸೀಕೆರೆಯಲ್ಲಿ ರೈಲು ಹಿಡಿಯಬೇಕು. ಆ ಪಟ್ಟಿಯ ಕೊನೆಯ ಅಂಕಣದಲ್ಲಿ ಕಡಿಮೆಯಾದ ಒಂದು ಪಾಯಿಂಟು ಎಲ್ಲಿಂದ ಬಂತು ಅಂತ ಕೇಳಿದರೆ, ಅದರಲ್ಲಿ ಸ್ವಲ್ಪ ಅವಳ ಆಟದ್ದು, ಸ್ವಲ್ಪ ಈ ದಾರಿಯದ್ದು ಅಂತಲೇ ನಾನು ಹೇಳುವುದು.

ಆ ನಲವತ್ತು ಸಾವಿರದ ಲೆಕ್ಕವನ್ನು ನಾನೂ ಭಾವನೂ ಅರ್ಧ ಅರ್ಧ ಮಾಡಿಕೊಂಡೆವು. ಅವರು ಹಟ ಮಾಡಿ ಅರ್ಧ ತಾವೇ ಹಾಕಿದರು. ಎರಡು ತಿಂಗಳಿಗೊಂದು ರೇಟಿಂಗ್ ಟೂರ್ನಿ ಅಂತ ಮಾತಾಯಿತು. ಬೆಂಗಳೂರಿನಲ್ಲಾದರೆ ಇರಲು ನನ್ನ ಮನೆ ಇದೆ. ಕರೆದುಕೊಂಡು ಬರುವ ಕೆಲಸ ಅಪ್ಪನದು. ‘ಈಗ ನನಗೆ ಮಂಡಿ ಸೀಸನ್ ಇಲ್ಲ’ ಅಂದರು, ನಗಾಡುತ್ತಲೇ.

2024ರ ಸೆಪ್ಟೆಂಬರ್ 22, ಭಾನುವಾರ. ಊರಿಂದ ವಾಪಸ್ ಬರುವ ರೈಲಿನಲ್ಲಿ ಫೋನ್ ನೋಡುತ್ತಿದ್ದೆ. ಬುಡಾಪೆಸ್ಟ್ ಒಲಿಂಪಿಯಾಡಿನ ಕೊನೆಯ ಸುತ್ತು. ಮುಕ್ತ ವಿಭಾಗದಲ್ಲಿ ಸ್ಲೊವೇನಿಯಾ ಮೇಲೆ, ಮಹಿಳೆಯರ ವಿಭಾಗದಲ್ಲಿ ಅಜರ್‌ಬೈಜಾನ್ ಮೇಲೆ ಭಾರತಕ್ಕೆ 3.5–0.5ರ ಗೆಲುವು. ಎರಡೂ ಚಿನ್ನ ನಮ್ಮದೇ, ಮೊದಲ ಬಾರಿಗೆ. ಎದುರು ಸೀಟಿನ ಗೊತ್ತಿಲ್ಲದವರಿಗೂ ತೋರಿಸಿದೆ. ಖುಷಿಯಲ್ಲಿ ಎರಡೂ ತಂಡದ ಹತ್ತು ಹೆಸರು ಓದುತ್ತಾ ಹೋದೆ. ಗುಕೇಶ್, ಪ್ರಜ್ಞಾನಂದ, ಅರ್ಜುನ್, ವಿದಿತ್, ಹರಿಕೃಷ್ಣ. ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ. ಕರ್ನಾಟಕದವರು ಒಬ್ಬರೂ ಇರಲಿಲ್ಲ.

ಇದು ಪ್ರತಿಭೆಯ ಕೊರತೆ ಅಂತ ನನಗನಿಸುವುದಿಲ್ಲ. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ರೈಲ್ವೆ ಉದ್ಯೋಗಿ ಎಂ.ಎಸ್. ತೇಜ್‌ಕುಮಾರ್ ಬಂದದ್ದು 2017ರಲ್ಲಿ. ನಡುವೆ 29 ವರ್ಷ. ಅಷ್ಟರಲ್ಲಿ ತಮಿಳುನಾಡಿನಲ್ಲಿ ಶಾಲೆ, ಕೋಚು, ಟೂರ್ನಿ ಎಲ್ಲ ಬೆಳೆದು, ಈಗ ದೇಶದ ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಯವರೇ. ಒಬ್ಬ ಗೆದ್ದರೆ ಹತ್ತು ಮಕ್ಕಳು ಬರುತ್ತಾರೆ, ಹತ್ತು ಮಕ್ಕಳು ಬಂದರೆ ಊರಲ್ಲೇ ಟೂರ್ನಿ ಆಗುತ್ತದೆ, ಟೂರ್ನಿ ಆದರೆ ರೇಟಿಂಗಿಗಾಗಿ ರೈಲು ಹತ್ತಬೇಕಾಗಿಲ್ಲ. ನಮ್ಮಲ್ಲೂ ಚಕ್ರ ತಿರುಗಲು ಶುರುವಾಗಿದೆ. ಮೈಸೂರಿನ ಗಿರೀಶ್ ಕೌಶಿಕ್ 2019ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿ, ಅದೇ ಟೂರ್ನಿಯ ಹೊತ್ತಿಗೆ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಕೂಡ ಆದರು. ಇನ್ನು ಆ ಚಕ್ರ ಜಂಕ್ಷನ್ ದಾಟಿ ಒಳಗಿನ ಊರುಗಳಿಗೆ ಬರಬೇಕು.

ಅದಕ್ಕೆ ಏನು ಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಯೋಜನೆ ಇಲ್ಲ. ಜಿಲ್ಲಾ ಕೇಂದ್ರಗಳಲ್ಲಿ ವರ್ಷಕ್ಕೆ ಎರಡಾದರೂ ರೇಟಿಂಗ್ ಟೂರ್ನಿ ನಡೆಯಲಿ. ಹುಡುಗಿ ಆಯ್ಕೆಯಾದಾಗ ಜೊತೆಗೆ ಹೋಗುವವರು ಯಾರು ಅನ್ನೋದು ಮೊದಲೇ ಗೊತ್ತಿರಲಿ. ಒಂದು ಪ್ರತಿಭೆ ನಿಂತುಹೋಗಲು ಬೋರ್ಡಿನ ಮೇಲಿನ ಸೋಲೇ ಬೇಕಾಗಿಲ್ಲ, ಜೊತೆಗೆ ಬರುವವರಿಲ್ಲದಿದ್ದರೂ ಸಾಕು. ಇನ್ನೊಂದು ಮಾತು ನನ್ನ ಹಾಗೆ ಊರು ಬಿಟ್ಟು ಬಂದವರಿಗೆ. ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸಿನ ಜೊತೆ ಒಂದು ಚೆಸ್ ಗಡಿಯಾರ ತಗೊಂಡು ಹೋಗಿ. ಕಾಲ ನೋಡಿಕೊಂಡು ಆಡಿ ಅಭ್ಯಾಸವಿಲ್ಲದ ನಮ್ಮ ಕಡೆಯ ಮಕ್ಕಳು ಗೆಲ್ಲುವ ಆಟವನ್ನೂ ಗಡಿಯಾರಕ್ಕೆ ಸೋಲುವುದನ್ನು ನಾನೇ ನೋಡಿದ್ದೀನಿ. ಟೂರ್ನಿಗೆ ಬರುವ ನೆಂಟರ ಮಗುವಿಗೆ ಎರಡು ರಾತ್ರಿ ಹಾಸಿಗೆ ಕೊಟ್ಟರೆ ಅದೂ ದೊಡ್ಡ ಸಹಾಯವೇ.

ನಮ್ಮ ಹುಡುಗಿಗೆ ಮೂರನೇ ಟೂರ್ನಿಯ ನಂತರ ರೇಟಿಂಗ್ ಬಂತು, 1437. ಪಟ್ಟಿ ಬಂದ ದಿನ ಭಾವ ಸ್ಕ್ರೀನ್‌ಶಾಟ್ ತೆಗೆದು ಆಲೂಗಡ್ಡೆ ವ್ಯಾಪಾರಿಗಳ ಗುಂಪಿಗೆಲ್ಲ ಕಳಿಸಿದರು. ‘ಇದೇನಣ್ಣ, ಕ್ವಿಂಟಾಲಿಗಾ?’ ಅಂತ ಒಬ್ಬರು ಕೇಳಿದರಂತೆ.

ಈ ವರ್ಷ ಅವಳು 13 ವರ್ಷದೊಳಗಿನವರ ವಿಭಾಗದಲ್ಲಿ ಆಡಿದಳು. ದೊಡ್ಡ ಹುಡುಗಿಯರು, ಗಟ್ಟಿ ಆಟ. ಒಂಬತ್ತನೇ ಸ್ಥಾನ ಬಂತು. ಆಯ್ಕೆಯಾಗಲಿಲ್ಲ. ಮುಂದೆ ಆಗ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಪ್ರಶ್ನೆಯನ್ನು ಅವಳ ತಲೆಗೆ ಹೊರಿಸುವುದನ್ನು ಬಿಟ್ಟಿದ್ದೀನಿ.

ಆದರೆ ಈ ಸಲ ಮೊದಲ ಸುತ್ತಿನಲ್ಲಿ ಅವಳು ಪಟ್ಟಿಯ ಮೇಲಿನ ಅರ್ಧದಲ್ಲಿದ್ದಳು. ಎದುರಿಗೆ ಕೂತಿದ್ದದ್ದು ರೇಟಿಂಗ್ ಇಲ್ಲದ ಒಂದು ಹುಡುಗಿ, ಉತ್ತರ ಕರ್ನಾಟಕದ ಕಡೆಯವಳು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದಳಂತೆ. ನಮ್ಮವಳು ಗೆದ್ದಳು. ಗೆದ್ದು ಹೊರಗೆ ಬಂದು ಈ ಸಲ ನೀರು ಕುಡಿದಳು, ಚಕ್ಕುಲಿ ತೆಗೆದುಕೊಂಡಳು, ಎರಡು ಚಕ್ಕುಲಿ ಆ ಹುಡುಗಿಗೂ ಕೊಟ್ಟು ಬಂದಳು.

‘ಏನಂದ್ಯೇ ಅವಳಿಗೆ?’ ಅಂತ ಕೇಳಿದೆ.

‘ಮಿಕ್ಕಿದ್ದೆಲ್ಲ ಚೆನ್ನಾಗಿ ಆಡು ಅಂದೆ. ಅವಳು ಗೆದ್ರೆ ನನಗೂ ಬುಕೋಲ್ಜ್ ಬರುತ್ತಲ್ಲ ಚಿಕ್ಕಮ್ಮ.’